ಕೃಷ್ಣ ಎಂದರೆ ಯಾವ ಕೃಷ್ಣ? ಹಾಸ್ಯನಟರ ಹೆಸರುಗಳ ಕಾರ್ಡುಪೆಟ್ಟಿಗೆಯನ್ನು ಆಡಿ ನೋಡಿದ ಮೇಲೆ

ಪುಸ್ತಕದಂಗಡಿಯಲ್ಲಿ ಬಿಲ್ಲು ಮಾಡಿಸುವ ಮೇಜಿನ ಮೇಲೆ, ಕ್ಯಾಲೆಂಡರುಗಳ ಮಗ್ಗುಲಲ್ಲಿ ಇಟ್ಟಿದ್ದ ಈ ಪೆಟ್ಟಿಗೆಯನ್ನು ನಾನು ಕೊಂಡದ್ದು ಮುಚ್ಚಳದ ಮೇಲಿದ್ದ ಒಂದೇ ಒಂದು ಸಾಲಿನ ಆಸೆಗೆ. ಹಾಸ್ಯನಟರಿಗೆ ಅವರ ಹೆಸರು ಹೇಗೆ ಬಂತು ಎಂಬುದನ್ನು ಆಟವಾಡುತ್ತಲೇ ತಿಳಿಯಬಹುದು ಎಂದು ಅಲ್ಲಿ ಬರೆದಿತ್ತು. ಒಳಗೆ ಇಸ್ಪೀಟೆಲೆಗಿಂತ ತುಸು ದೊಡ್ಡದಾದ 60 ಕಾರ್ಡುಗಳಿವೆ. ಅವುಗಳಲ್ಲಿ 38 ಕನ್ನಡದ ಕಲಾವಿದರವು, 14 ಹಿಂದಿ, ತಮಿಳು ಮುಂತಾದ ಭಾಷೆಗಳವರವು, 8 ವಿದೇಶದವರವು. ಇವಲ್ಲದೆ ನಾವೇ ಬರೆದುಕೊಳ್ಳಲೆಂದು ಐದು ಖಾಲಿ ಕಾರ್ಡುಗಳನ್ನೂ ನಿಯಮಗಳ ಮಡಿಕೆಹಾಳೆಯೊಂದನ್ನೂ ಇಟ್ಟಿದ್ದಾರೆ. ಬೆಲೆ 650 ರೂಪಾಯಿ. ಹಬ್ಬದ ರಜೆಯಲ್ಲಿ ಮೂರು ಸಂಜೆ ಮನೆಮಂದಿಯೆಲ್ಲ ಕುಳಿತು ಆಡಿ ನೋಡಿದ್ದೇವೆ. ಕಂಪನಿ ನಾಟಕಗಳನ್ನು ಕಣ್ಣಾರೆ ಕಂಡಿರುವ ನನ್ನ ಅತ್ತೆಯವರಿಂದ ಹಿಡಿದು ಸಾಧು ಕೋಕಿಲರನ್ನು ಮೊಬೈಲಿನಲ್ಲಿ ಹರಿದಾಡುವ ತುಣುಕುಗಳ ಮೂಲಕವೇ ಬಲ್ಲ ಎಂಟನೇ ತರಗತಿಯ ಮಗನವರೆಗೆ ಎಲ್ಲರೂ ಕೈಹಾಕಿದ್ದರಿಂದ, ಈ ವಿಮರ್ಶೆ ನನ್ನೊಬ್ಬಳ ಅಭಿಪ್ರಾಯವಾಗಿ ಉಳಿದಿಲ್ಲ.

ಆಟ ಬಹಳ ಸರಳವಾಗಿದೆ. ಕಾರ್ಡಿನ ಮುಂಭಾಗದಲ್ಲಿ ಕಲಾವಿದರ ರೇಖಾಚಿತ್ರವಿದ್ದು, ಅದರ ಕೆಳಗೆ ‘ನಿಜ ಹೆಸರು’ ಎಂಬ ತಲೆಬರಹದಡಿ ಅವರ ಹೆಸರನ್ನು ಅಚ್ಚು ಹಾಕಲಾಗಿದೆ. ಹಿಂಭಾಗದಲ್ಲಿ ‘ರಂಗದ ಹೆಸರು’ ಮತ್ತು ಅದು ಬಂದ ಕಥೆ ನಾಲ್ಕೈದು ಸಾಲುಗಳಲ್ಲಿದೆ. ಒಬ್ಬರು ಚಿತ್ರವನ್ನು ಅಂಗೈಯಿಂದ ಮುಚ್ಚಿಕೊಂಡು ಮುಂಭಾಗದ ಹೆಸರನ್ನಷ್ಟೇ ಓದಬೇಕು, ಉಳಿದವರು ಹಿಂಭಾಗದ ಹೆಸರನ್ನು ಹೇಳಬೇಕು, ಮೊದಲು ಹೇಳಿದವರಿಗೆ ಕಾರ್ಡು ಸೇರುತ್ತದೆ. ನಿಯಮದ ಹಾಳೆಯಲ್ಲಿ ಇಷ್ಟನ್ನು ಓದಿದಾಗ ಇದರಲ್ಲಿ ತಪ್ಪುವುದಕ್ಕೆ ಏನಿದೆ ಎಂದೇ ಅನಿಸುತ್ತದೆ.

ತಪ್ಪಿದ್ದು ಮೊದಲ ಸಂಜೆಯ ಐದನೆಯ ಕಾರ್ಡಿಗೆ. ನನ್ನ ಯಜಮಾನರು ‘ಕೃಷ್ಣ’ ಎಂದು ಓದಿದರು. ಮಗ ‘ಟೆನಿಸ್’ ಎಂದು ಕೂಗಿದ, ಅದೇ ಉಸಿರಿನಲ್ಲಿ ಅತ್ತೆಯವರು ‘ಹೊನ್ನವಳ್ಳಿ’ ಎಂದರು. ತಿರುಗಿಸಿ ನೋಡಿದರೆ ಟೆನಿಸ್ ಕೃಷ್ಣ ಎಂದಿತ್ತು, ಕಾರ್ಡು ಮಗನಿಗೆ ಹೋಯಿತು. ಇನ್ನು ಹತ್ತು ಕಾರ್ಡು ದಾಟುವಷ್ಟರಲ್ಲಿ ಮತ್ತೊಮ್ಮೆ ‘ಕೃಷ್ಣ’ ಬಂದು, ಈ ಸಲ ಅದು ಹೊನ್ನವಳ್ಳಿ ಕೃಷ್ಣ ಆಗಿತ್ತು. ಅಷ್ಟರಲ್ಲಿ ಮಗ ಜಾಣನಾಗಿದ್ದ, ಎರಡರಲ್ಲಿ ಒಂದು ಮುಗಿದಿದೆಯೆಂದು ಲೆಕ್ಕ ಹಾಕಿ ಹೊನ್ನವಳ್ಳಿ ಎಂದು ತಾನೇ ಮೊದಲು ಹೇಳಿಬಿಟ್ಟ. ಆಗ ಅತ್ತೆಯವರು, ನಾನು ಆವಾಗಲೇ ಹೇಳಿದ್ದ ಹೆಸರು ಅದು, ಈಗ ನಿನಗೆ ಹೇಗೆ ಸಲ್ಲುತ್ತದೆ ಎಂದು ಪಟ್ಟುಹಿಡಿದರು. ‘ಚಂದ್ರು’ ಎಂಬ ಕಾರ್ಡು ಬಂದಾಗಲಂತೂ ಮುಖ್ಯಮಂತ್ರಿಯೋ ಸಿಹಿಕಹಿಯೋ ಎಂದು ಮನೆಯೇ ಎರಡು ಪಕ್ಷವಾಯಿತು. ಒಂದು ಹೆಸರಿಗೆ ಇಬ್ಬರು ಒಡೆಯರಿದ್ದರೆ ಏನು ಮಾಡಬೇಕು ಎಂಬುದಕ್ಕೆ ನಿಯಮದ ಹಾಳೆಯಲ್ಲಿ ಒಂದಕ್ಷರವೂ ಇಲ್ಲ.

ಇದನ್ನು ಆಟದ ಸಣ್ಣ ಲೋಪವೆಂದು ನಗುತ್ತ ಬಿಟ್ಟುಬಿಡಬಹುದಿತ್ತು. ಆದರೆ ಯೋಚಿಸುತ್ತ ಹೋದಂತೆ ಈ ಪೆಟ್ಟಿಗೆಯ ಮೂಲದ ತಪ್ಪು ಇಲ್ಲಿಯೇ ಇದೆ ಎಂದು ನನಗೆ ಅನಿಸಿತು. ಕನ್ನಡದ ಹಾಸ್ಯನಟರಲ್ಲಿ ಹೆಚ್ಚಿನವರಿಗೆ ‘ನಿಜ ಹೆಸರು’ ಬೇರೆ, ‘ರಂಗದ ಹೆಸರು’ ಬೇರೆ ಎಂಬುದಿಲ್ಲ. ತಂದೆತಾಯಿ ಕರೆದ ಹೆಸರು ಅಥವಾ ಅದರ ಮೊಟಕು ರೂಪ ಹಾಗೆಯೇ ಉಳಿದು, ಅದರ ಮುಂದೆ ಒಂದು ಮಾತು ಬಂದು ಕೂತಿರುತ್ತದೆ. ಆ ಮಾತು ಊರಿನದ್ದಿರಬಹುದು, ಹಿಡಿದಿದ್ದ ನೌಕರಿಯದ್ದಿರಬಹುದು, ಗೆದ್ದ ಪಾತ್ರದ್ದಿರಬಹುದು, ಓಡಿಸುತ್ತಿದ್ದ ಗಾಡಿಯದ್ದೂ ಇರಬಹುದು. ಅದು ಅಲ್ಲಿ ಬಂದು ಕೂತದ್ದೇಕೆ ಎಂಬುದಕ್ಕೆ ನಮ್ಮ ಮನೆಯ ಜಗಳವೇ ಸಾಕ್ಷಿ: ಕೃಷ್ಣ ಎಂದರೆ ಯಾವ ಕೃಷ್ಣ, ಚಂದ್ರು ಎಂದರೆ ಯಾವ ಚಂದ್ರು, ರಮೇಶ್ ಎಂದರೆ ಯಾವ ರಮೇಶ್ ಎಂದು ಜನ ಕೇಳುವ ಪ್ರಶ್ನೆಗೆ ಅದು ಉತ್ತರ. ಕಾರ್ಡನ್ನು ರೂಪಿಸಿದವರು ಹಿಂದಿ ಚಿತ್ರರಂಗದ ಮತ್ತು ವಿದೇಶದ ಮಾದರಿಯನ್ನು ಮುಂದಿಟ್ಟುಕೊಂಡು, ಒಂದು ಹೆಸರು ಅಳಿದು ಇನ್ನೊಂದು ಹುಟ್ಟುತ್ತದೆ ಎಂಬ ಅಚ್ಚಿನಲ್ಲಿ ನಮ್ಮವರನ್ನೂ ಎರಕ ಹೊಯ್ದಿದ್ದಾರೆ.

ಆ ಅಚ್ಚು ಯಾರಿಗೆ ಒಪ್ಪುತ್ತದೆಯೋ ಅವರ ಕಾರ್ಡುಗಳು ನಿಜಕ್ಕೂ ಸೊಗಸಾಗಿವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಬದ್ರುದ್ದೀನ್ ಜಮಾಲುದ್ದೀನ್ ಕಾಜಿ ಎಂದು ಓದಿ, ಇಂದೋರಿನಲ್ಲಿ ಹುಟ್ಟಿ ಮುಂಬಯಿಯ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದ ಆ ಮನುಷ್ಯನಿಗೆ ನಿರ್ದೇಶಕ ಗುರುದತ್ ಒಂದು ವಿಸ್ಕಿಯ ಹೆಸರನ್ನು ಅಂಟಿಸಿ ಜಾನಿ ವಾಕರ್ ಮಾಡಿದರೆಂದು ತಿಳಿಯುವಾಗ ಕಾರ್ಡು ತಿರುಗಿಸುವುದರಲ್ಲಿಯೇ ಒಂದು ಸುಖವಿದೆ. ತೆರೆಯ ಮೇಲೆ ಅಷ್ಟು ಹದವಾಗಿ ತೂರಾಡುತ್ತಿದ್ದ ಅವರು ಕುಡಿತವನ್ನು ಮುಟ್ಟುತ್ತಿರಲಿಲ್ಲ ಎಂಬ ಮಾತನ್ನು ಕಾರ್ಡು ಕೊನೆಯ ಸಾಲಿಗೆ ಕಾದಿಟ್ಟಿರುವುದೂ ಜಾಣತನವೇ. ಅಮೆರಿಕದ ಹಾಸ್ಯನಟರಾದ ಮಾರ್ಕ್ಸ್ ಸೋದರರ ಕಾರ್ಡು ಇದಕ್ಕಿಂತಲೂ ಚೆನ್ನಾಗಿದೆ. 1914ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್ ಎಂಬ ಊರಿನಲ್ಲಿ ಇಸ್ಪೀಟಾಡುತ್ತ ಕುಳಿತಿದ್ದಾಗ ಆರ್ಟ್ ಫಿಶರ್ ಎಂಬ ಕಲಾವಿದ ಎಲೆ ಹಂಚುತ್ತಲೇ ಒಬ್ಬೊಬ್ಬರಿಗೂ ಒಂದೊಂದು ‘ಓ’ಕಾರಾಂತ ಹೆಸರನ್ನೂ ಹಂಚಿದ. ಹಾರ್ಪ್ ನುಡಿಸುತ್ತಿದ್ದವನು ಹಾರ್ಪೋ ಆದ, ಹುಡುಗಿಯರ ಹಿಂದೆ ಬೀಳುತ್ತಿದ್ದವನು ಚಿಕ್ಕೋ ಆದ (ಇಂಗ್ಲಿಷಿನ ಆಡುಮಾತಿನಲ್ಲಿ ‘ಚಿಕ್’ ಎಂದರೆ ಹುಡುಗಿ). ಆ ಕೊನೆಯ ಹೆಸರನ್ನು ಈ ಕಾರ್ಡಿನಲ್ಲಿ ‘ಚೀಕೋ’ ಎಂದು ಅಚ್ಚು ಮಾಡಿದ್ದಾರೆ. ಇಂಗ್ಲಿಷಿನಲ್ಲಿ ಅಚ್ಚುಮೊಳೆ ಜೋಡಿಸಿದವರ ಕೈಯಲ್ಲಿ ಒಂದು ಅಕ್ಷರ ಬಿದ್ದುಹೋಗಿ ಜಗತ್ತೆಲ್ಲ ಹಾಗೆ ಓದುವಂತಾಯಿತೇ ಹೊರತು ಸೋದರರ ಬಾಯಲ್ಲಿ ಅದು ‘ಚಿಕ್ಕೋ’ ಎಂದೇ ಇತ್ತು. ಒತ್ತಕ್ಷರ ಬರೆಯಲು ಬರುವ ಲಿಪಿಯೇ ಕೈಯಲ್ಲಿದ್ದೂ ನಾವು ಇಂಗ್ಲಿಷಿನವರ ಮುದ್ರಣದೋಷವನ್ನು ಎರವಲು ತಂದುಕೊಂಡಂತಾಗಿದೆ.

ಈಗ ನಮ್ಮವರ ಕಾರ್ಡುಗಳಿಗೆ ಬರುತ್ತೇನೆ. 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ಇಬ್ಬರು ಬೆಳ್ಳಿತೆರೆಗೆ ಬಂದರು. ಇಬ್ಬರೂ ಗುಬ್ಬಿ ನಾಟಕ ಕಂಪನಿಯ ಅನ್ನ ಉಂಡವರು. ನಾಯಕನಾಗಿ ಬಂದ ಮುತ್ತುರಾಜರಿಗೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ರಾಜಕುಮಾರ್ ಎಂದು ಹೊಸ ಹೆಸರಿಟ್ಟರು, ಹಾಸ್ಯಕ್ಕೆ ಬಂದ ನರಸಿಂಹರಾಜು ನರಸಿಂಹರಾಜುವಾಗಿಯೇ ಉಳಿದರು. 1972ರ ‘ನಾಗರಹಾವು’ ಚಿತ್ರದಲ್ಲಿಯೂ ಇದೇ ಆಯಿತು: ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಂಪತ್ ಕುಮಾರ್ ವಿಷ್ಣುವರ್ಧನ್ ಆದರು, ಅಮರನಾಥ್ ಅಂಬರೀಶ್ ಆದರು. ಅದರ ಹಿಂದಿನ ವರ್ಷ ಅದೇ ಪುಟ್ಟಣ್ಣನವರ ‘ಶರಪಂಜರ’ದಲ್ಲಿ ಅಡುಗೆಯ ಭಟ್ಟನಾಗಿ ನಗಿಸಿದ ಶಿವರಾಮ್ ಅವರ ಹೆಸರನ್ನು ಯಾರೂ ಬದಲಿಸಲಿಲ್ಲ. ಚಿತ್ರದ ಹೆಸರೇ ಬಂದು ಅವರ ಹೆಸರಿನ ಮುಂದೆ ನಿಂತಿತು, 2021ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗಲೂ ಜನ ನೆನೆದದ್ದು ಶರಪಂಜರ ಶಿವರಾಮ್ ಎಂದೇ. ನಾಯಕನ ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಕೊಡುವುದು ಚಿತ್ರ ಬಿಡುಗಡೆಯಾಗುವ ಮುಂಚೆ ನಿರ್ದೇಶಕರು ಮಾಡುವ ಕೆಲಸ. ಹಾಸ್ಯನಟನ ಹೆಸರಿಗೆ ಮಾತು ಸೇರುವುದು ಬಿಡುಗಡೆಯಾದ ಮೇಲೆ, ನೋಡಿ ಬಂದವರ ಬಾಯಲ್ಲಿ. ಈ ವ್ಯತ್ಯಾಸವನ್ನು ಹೇಳುವ ಒಂದು ಸಾಲಾದರೂ ಈ ಪೆಟ್ಟಿಗೆಯಲ್ಲಿ ಇರಬೇಕಿತ್ತು.

ಕಾರ್ಡಿನ ಅಂಚಿನಲ್ಲಿ ಬಣ್ಣದ ಪಟ್ಟಿಯಿದೆ: ಊರಿನಿಂದ ಬಂದ ಹೆಸರಿಗೆ ಹಸಿರು, ಕಸುಬಿನಿಂದ ಬಂದದ್ದಕ್ಕೆ ನೀಲಿ, ಪಾತ್ರದಿಂದ ಬಂದದ್ದಕ್ಕೆ ಕೆಂಪು, ಉಳಿದವಕ್ಕೆ ಹಳದಿ. ವಿಂಗಡಣೆ ಒಳ್ಳೆಯದೇ. ಆದರೆ ರಂಗಾಯಣ ರಘು ಅವರ ಕಾರ್ಡಿಗೆ ಹಸಿರು ಬಳಿದಿರುವುದನ್ನು ಕಂಡು ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ರಂಗಾಯಣವೆಂಬ ಊರು ಕರ್ನಾಟಕದ ಯಾವ ತಾಲ್ಲೂಕಿನಲ್ಲಿಯೂ ಇಲ್ಲ. ಅದು 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ನಾಟಕ ಸಂಸ್ಥೆ, ರಘು ಅವರು ಪಾವಗಡದ ಕಡೆಯವರು. ಅವರ ಹೆಸರಿನ ಮುಂದೆ ಊರಿನ ಬದಲು ಸಂಸ್ಥೆ ನಿಂತಿರುವುದೇ ಇಲ್ಲಿನ ವಿಶೇಷ. ರೆಪರ್ಟರಿಯಲ್ಲಿ, ಎಂದರೆ ಸಂಸ್ಥೆಯ ಕಾಯಂ ನಾಟಕ ತಂಡದಲ್ಲಿ, ಪಳಗಿದ ನಟನೆಂಬುದು ಚಿತ್ರರಂಗದಲ್ಲಿ ಒಂದು ಅರ್ಹತೆಯಾಗಿ, ವೈದ್ಯರ ಫಲಕದ ಮೇಲಿನ ಪದವಿಯಂತೆ ಹೆಸರಿಗೆ ಅಂಟಿಕೊಂಡ ಬಗೆಯನ್ನು ನಾಲ್ಕು ಸಾಲಿನಲ್ಲಿ ಚೆನ್ನಾಗಿಯೇ ಹೇಳಬಹುದಿತ್ತು. ಮಂಡ್ಯ ರಮೇಶ್ ಅವರ ಕಾರ್ಡಿಗೂ ಹಸಿರೇ ಇದೆ, ಅಲ್ಲಿ ಅದು ಸರಿ. ಆದರೆ ಅವರು ಮೈಸೂರಿನಲ್ಲಿ ‘ನಟನ’ ರಂಗಸಂಸ್ಥೆಯನ್ನು ಕಟ್ಟಿ ಬೆಳೆಸಿದ ಮೇಲೆಯೂ ಹೆಸರಿನಿಂದ ಮಂಡ್ಯ ಕದಲಿಲ್ಲ ಎಂಬ ಸ್ವಾರಸ್ಯವನ್ನು ಕಾರ್ಡು ಗಮನಿಸಿಲ್ಲ.

ನೀಲಿ ಪಟ್ಟಿಯ ಕಾರ್ಡುಗಳನ್ನು ಮಾತ್ರ ನಾನು ಮನಸಾರೆ ಮೆಚ್ಚಿಕೊಂಡೆ. ಬ್ಯಾಂಕ್ ಜನಾರ್ದನ್ ಅವರದ್ದು ಇಡೀ ಪೆಟ್ಟಿಗೆಯಲ್ಲಿಯೇ ಅಚ್ಚುಕಟ್ಟಾದ ಬರಹ. ಬ್ಯಾಂಕಿನಲ್ಲಿ ನೌಕರಿ ಮಾಡುತ್ತ ನಾಟಕವಾಡುತ್ತಿದ್ದವರು ಚಿತ್ರರಂಗಕ್ಕೆ ಬಂದರು, ನೂರಾರು ಚಿತ್ರಗಳಲ್ಲಿ ಮಾವನೋ ಪೊಲೀಸನೋ ಊರ ಗೌಡನೋ ಆದರು, 2025ರ ಏಪ್ರಿಲಿನಲ್ಲಿ ತೀರಿಕೊಳ್ಳುವವರೆಗೆ ಬ್ಯಾಂಕು ಅವರ ಹೆಸರನ್ನು ಬಿಡಲಿಲ್ಲ. ನಾಟಕದ ಕರಪತ್ರದಲ್ಲಿ ಹತ್ತು ಜನ ಹವ್ಯಾಸಿಗಳ ಹೆಸರು ಸಾಲಾಗಿ ಬರುವಾಗ, ಅವರಲ್ಲಿ ಯಾರು ಎಲ್ಲಿಯವರು ಎಂಬುದನ್ನು ಊರಿನ ಜನ ಗುರುತಿಸುತ್ತಿದ್ದುದೇ ಹೀಗೆ: ಬ್ಯಾಂಕಿನವರು, ಪೋಸ್ಟಾಫೀಸಿನವರು, ಹೈಸ್ಕೂಲಿನವರು. ಟೆನಿಸ್ ಕೃಷ್ಣ ಅವರ ಹೆಸರೂ ಸಿನಿಮಾಕ್ಕೆ ಬರುವ ಮೊದಲಿನ ಅವರ ಟೆನಿಸ್ ನಂಟನ್ನು ಹೊತ್ತುಕೊಂಡೇ ಬಂದದ್ದು. ಮಿಮಿಕ್ರಿ ದಯಾನಂದ್ ಅವರ ಕಾರ್ಡಿನಲ್ಲಿ ಹೇಳುವುದಕ್ಕೆ ಹೆಚ್ಚೇನಿಲ್ಲ, ಕಾರ್ಡೂ ಹೆಚ್ಚು ಹೇಳಿಲ್ಲ. ಹಿಂದಿಯ ಜಾನಿ ಲಿವರ್ ಕೂಡ ಈ ಸಾಲಿಗೇ ಸೇರುತ್ತಾರೆ. ಹಿಂದೂಸ್ತಾನ್ ಲಿವರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಜಾನ್ ಪ್ರಕಾಶ್ ರಾವ್ ಅವರು ಅಲ್ಲಿನ ಸಮಾರಂಭವೊಂದರಲ್ಲಿ ಮೇಲಧಿಕಾರಿಗಳನ್ನೇ ಅನುಕರಿಸಿ ನಗಿಸಿದ್ದಕ್ಕೆ ಕಂಪನಿಯ ಹೆಸರೇ ಅವರಿಗೆ ಬಿರುದಾಯಿತು. ಕಾರ್ಡಿನವರು ಅವರಿಗೆ ನೀಲಿಯನ್ನೇ ಕೊಟ್ಟಿದ್ದಾರೆ, ಸರಿಯಾಗಿದೆ.

ಬುಲೆಟ್ ಪ್ರಕಾಶ್ ಅವರನ್ನು ಹಳದಿಗೆ ಹಾಕಿದ್ದಾರೆ. ಓಡಿಸುತ್ತಿದ್ದ ಬುಲೆಟ್ ಬೈಕಿನಿಂದ ಬಂದ ಹೆಸರು ಊರೂ ಅಲ್ಲ, ಕಸುಬೂ ಅಲ್ಲ, ಪಾತ್ರವೂ ಅಲ್ಲ ಎಂಬ ಲೆಕ್ಕವಿರಬೇಕು. ಹಳ್ಳಿಗಳಲ್ಲಿ ಮೊದಲು ಟ್ರ್ಯಾಕ್ಟರು ತಂದವನನ್ನು ಟ್ರ್ಯಾಕ್ಟರ್ ಸಿದ್ದಪ್ಪ ಎಂದು ಕರೆಯುವುದನ್ನು ಕಂಡವರಿಗೆ ಈ ಹೆಸರು ಹುಟ್ಟಿದ ಬಗೆಯನ್ನು ವಿವರಿಸಬೇಕಾಗಿಲ್ಲ. ಆ ದೇಹ, ಆ ಗಾಡಿ, ಆ ಸದ್ದು ಮೂರೂ ಕೂಡಿ ಬರುತ್ತಿದ್ದ ನಗು 2020ರಲ್ಲಿ ಚಿಕ್ಕ ವಯಸ್ಸಿಗೇ ನಿಂತುಹೋಯಿತು.

ಕೆಂಪು ಪಟ್ಟಿಯಲ್ಲಿ ಮುಖ್ಯಮಂತ್ರಿ ಚಂದ್ರು ಅವರ ಕಾರ್ಡಿದೆ. 1980ರಲ್ಲಿ ಕಲಾಗಂಗೋತ್ರಿ ತಂಡ ಆಡಿದ ‘ಮುಖ್ಯಮಂತ್ರಿ’ ನಾಟಕದ ಮುಖ್ಯ ಪಾತ್ರ ಅವರಿಗೆ ಈ ಹೆಸರನ್ನು ಕೊಟ್ಟಿತು, ಆ ನಾಟಕ ನೂರಾರು ಪ್ರಯೋಗಗಳನ್ನು ಕಂಡಿತು. ಕಾರ್ಡು ಅಲ್ಲಿಗೆ ನಿಲ್ಲುತ್ತದೆ. ನಿಜವಾದ ತಮಾಷೆ ಶುರುವಾಗುವುದೇ ಅಲ್ಲಿಂದ ಮುಂದೆ: 1985ರಲ್ಲಿ ಅವರು ಗೌರಿಬಿದನೂರಿನಿಂದ ಶಾಸಕರಾಗಿ ವಿಧಾನಸಭೆಗೆ ಆಯ್ಕೆಯಾದರು. ಕರ್ನಾಟಕದ ಶಾಸಕರಲ್ಲಿ ಆ ಪದವನ್ನು ಹೆಸರಿನ ಮುಂದೆ ಬರೆದುಕೊಳ್ಳಲು ಹಂಬಲಿಸುವವರು ಎಷ್ಟು ಮಂದಿಯೋ, ಅದನ್ನು ಮೊದಲೇ ಬರೆದುಕೊಂಡು ಒಳಗೆ ಹೋದವರು ಇವರೊಬ್ಬರೇ. ಕುರ್ಚಿಗಳು ಎಷ್ಟು ಸಲ ಬದಲಾದರೂ ಇವರ ಮುಖ್ಯಮಂತ್ರಿ ಪದವಿಗೆ ನಾಲ್ಕು ದಶಕಗಳಿಂದ ಭಂಗ ಬಂದಿಲ್ಲ. ಇಂಥ ಒಂದು ಸಾಲನ್ನು ಕೈಬಿಟ್ಟು, ಆ ಜಾಗದಲ್ಲಿ ‘ತಮ್ಮ ಅಮೋಘ ಅಭಿನಯದಿಂದ ಜನಮನ ಗೆದ್ದರು’ ಎಂಬ ಸವಕಲು ವಾಕ್ಯವನ್ನು ಬರೆದಿರುವುದಕ್ಕೆ ಕ್ಷಮೆಯಿಲ್ಲ. ಹತ್ತಕ್ಕೂ ಹೆಚ್ಚು ಕಾರ್ಡುಗಳಲ್ಲಿ ಇದೇ ವಾಕ್ಯ ಸಣ್ಣಪುಟ್ಟ ವೇಷ ಬದಲಿಸಿಕೊಂಡು ಬಂದಿದೆ.

ಸಿಹಿಕಹಿ ಚಂದ್ರು ಮತ್ತು ಸಿಹಿಕಹಿ ಗೀತಾ ಅವರಿಗೆ ಒಂದೇ ಕಾರ್ಡು. ದೂರದರ್ಶನದ ಕಾಲದ ‘ಸಿಹಿಕಹಿ’ ಧಾರಾವಾಹಿಯಿಂದ ಬಂದ ಈ ಮಾತು ಗಂಡ ಹೆಂಡತಿ ಇಬ್ಬರ ಹೆಸರಿಗೂ ಸೇರಿ, ಮನೆತನದ ಹೆಸರಿನಂತೆಯೇ ಆಗಿಬಿಟ್ಟಿದೆ. ಚಂದ್ರು ಅವರು ಮುಂದೆ ಟಿವಿಯಲ್ಲಿ ಅಡುಗೆಯ ಕಾರ್ಯಕ್ರಮ ನಡೆಸತೊಡಗಿದಾಗ ಆ ಹೆಸರು ಅದಕ್ಕೂ ಹೇಳಿ ಮಾಡಿಸಿದಂತೆ ಕೂತಿತೆಂದು ಅತ್ತೆಯವರು ಹೇಳಿದ ಮಾತು ಕಾರ್ಡಿನಲ್ಲಿರುವುದಕ್ಕಿಂತ ಚೆನ್ನಾಗಿತ್ತು. ಕುರಿ ಪ್ರತಾಪ್ ಅವರ ಕಾರ್ಡಿನಲ್ಲಿ ತಪ್ಪೇ ಇದೆ. 2001ರಲ್ಲಿ ತೆರೆಕಂಡ ‘ಕುರಿಗಳು ಸಾರ್ ಕುರಿಗಳು’ ಚಿತ್ರದಿಂದ ಹೆಸರು ಬಂತೆಂದು ಬರೆದಿದ್ದಾರೆ. ಅದು ಬಂದದ್ದು ಉದಯ ಟಿವಿಯಲ್ಲಿ ಬರುತ್ತಿದ್ದ, ದಾರಿಹೋಕರನ್ನು ಬೇಸ್ತುಬೀಳಿಸುವ ಅದೇ ಹೆಸರಿನ ಕಾರ್ಯಕ್ರಮದಿಂದ. ಕುರಿ ಮಾಡುವುದು ಎಂದರೆ ಮಂಗ ಮಾಡುವುದು ಎಂಬ ಅರ್ಥದಲ್ಲಿ ಅಲ್ಲಿ ಕುರಿಯಾಗುತ್ತಿದ್ದವರು ಬೀದಿಯ ಜನ, ಹೆಸರು ಮಾತ್ರ ಕುರಿ ಮಾಡಿದವರಿಗೇ ಬಂದು ಸೇರಿತು. ಚಿತ್ರಕ್ಕೂ ಕಾರ್ಯಕ್ರಮಕ್ಕೂ ಮುಂಚೆಯೇ ಆ ಮಾತನ್ನು ಕನ್ನಡಿಗರ ನಾಲಿಗೆಯ ಮೇಲೆ ಇಟ್ಟಿದ್ದದ್ದು ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆ. ಕವಿತೆಯ ಶೀರ್ಷಿಕೆಯೊಂದು ಹೀಗೆ ಟಿವಿಯ ದಾರಿ ಹಿಡಿದು ಹಾಸ್ಯನಟನೊಬ್ಬನ ಹೆಸರಿನಲ್ಲಿ ಬಂದು ನೆಲೆಸಿದ್ದನ್ನು ನನ್ನ ಮಗನಿಗೆ ಹೇಳಿದಾಗ, ‘ಮಜಾ ಟಾಕೀಸ್’ ಬಿಟ್ಟು ಬೇರೇನೂ ಗೊತ್ತಿಲ್ಲದ ಅವನು ಮರುದಿನ ಕವಿತೆಯನ್ನು ಹುಡುಕಿ ಓದಿದ. ಪೆಟ್ಟಿಗೆಗೆ ಕೊಟ್ಟ ಹಣದಲ್ಲಿ ಒಂದು ಪಾಲು ಅಲ್ಲಿ ವಸೂಲಾಯಿತು.

ಹೆಸರನ್ನು ಪೂರ್ತಿ ಬದಲಿಸಿಕೊಂಡವರು ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಬಂಗ್ಲೆ ಶಾಮರಾವ್ ದ್ವಾರಕಾನಾಥರನ್ನು ದ್ವಾರಕೀಶ್ ಮಾಡಿದವರು ನಿರ್ದೇಶಕ ಸಿ.ವಿ. ಶಿವಶಂಕರ್. ಸಹಾಯಶೀಲನ್ ಅವರಿಗೆ ಸಾಧು ಕೋಕಿಲ ಎಂಬ ಹೆಸರು ಬಂದದ್ದು ಉಪೇಂದ್ರ ಅವರಿಂದ, 1993ರ ‘ಶ್!’ ಚಿತ್ರದ ಹೊತ್ತಿನಲ್ಲಿ. ಸಂಗೀತಗಾರನಿಗೆ ಕೋಕಿಲ ಸಲ್ಲುತ್ತದೆ, ಆದರೆ ಅವರು ತೆರೆಯ ಮೇಲೆ ಮಾಡುವ ಪಾತ್ರಗಳನ್ನು ನೋಡಿದರೆ ಸಾಧು ಎಂಬ ಅರ್ಧವೇ ಒಂದು ನಗೆಹನಿ. ಮಾಸ್ಟರ್ ಹಿರಣ್ಣಯ್ಯನವರ ಕಥೆ ಇವೆರಡಕ್ಕಿಂತ ಬೇರೆ. 1934ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆ ಮಗುವಿನ ಹೆಸರು ನರಸಿಂಹಮೂರ್ತಿ. ಹಿರಣ್ಣಯ್ಯ ಎಂಬುದು ತಂದೆಯ ಹೆಸರು, ಮಿತ್ರಮಂಡಲಿ ಎಂಬ ನಾಟಕ ತಂಡವನ್ನು ಕಟ್ಟಿದ ಕೆ. ಹಿರಣ್ಣಯ್ಯನವರದ್ದು. ತಂದೆ ತೀರಿಕೊಂಡ ಮೇಲೆ ಮಂಡಲಿಯ ಜೊತೆಗೆ ಹೆಸರನ್ನೂ ಹೊತ್ತುಕೊಂಡ ಮಗ, ಬಾಲನಟರಿಗೆ ಸೇರಿಸುವ ‘ಮಾಸ್ಟರ್’ ಎಂಬ ಮಾತನ್ನು ಬಿಡದೆ, ವಯಸ್ಸಾದ ಮೇಲೂ ಮಾಸ್ಟರ್ ಆಗಿಯೇ ‘ಲಂಚಾವತಾರ’ ನಾಟಕದ ವೇದಿಕೆಯಿಂದ ಗಣ್ಯರನ್ನು ತರಾಟೆಗೆ ತೆಗೆದುಕೊಂಡರು. ಅತ್ತೆಯವರು ಈ ಕಾರ್ಡನ್ನು ಓದಿಸಿಕೊಂಡು ಕೇಳಿ, ‘ಇದನ್ನು ಬರೆದವರು ನಾಟಕ ನೋಡಿದ್ದಾರೆ’ ಎಂದರು. ಅಷ್ಟು ಚೆನ್ನಾಗಿದೆ. 60ರಲ್ಲಿ ಹೀಗೆ ಬರೆದವು ಒಂದು ಹತ್ತು ಸಿಕ್ಕಾವು.

ಬೀಚಿಯವರ ಕಾರ್ಡಿನ ಬಗ್ಗೆ ಒಂದು ಮಾತು. ಅವರು ನಟರಲ್ಲ, ರಾಯಸಂ ಭೀಮಸೇನರಾವ್ ಎಂಬ ಲೇಖಕರು. ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್ ಅವರನ್ನು ಅಭಿನವ ಬೀಚಿ ಎಂದು ಕರೆಯುವುದರಿಂದ ಅವರ ಜೊತೆಗೆ ಇವರನ್ನೂ ಸೇರಿಸಿದ್ದಾರೆ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಬೀಚಿಯವರು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿಯೂ ಉಳಿದದ್ದನ್ನು ರೋಮನ್ ಲಿಪಿಯಲ್ಲಿಯೂ ಬರೆಯುತ್ತಿದ್ದರು. ಪುಸ್ತಕದ ಮುಖಪುಟದ ಮೇಲೆ ಅದನ್ನು ಕಂಡ ಕೂಡಲೇ ಓದುಗ ನಗುತ್ತಿದ್ದ. ಚಿತ್ರ ಬಿಡಿಸಲು ಅಷ್ಟು ಜಾಗವಿರುವ ಕಾರ್ಡಿನಲ್ಲಿ ಆ ಸಹಿಯನ್ನು ಇದ್ದಂತೆ ಅಚ್ಚು ಮಾಡದೆ, ಎರಡೂ ಅಕ್ಷರಗಳನ್ನು ಕನ್ನಡದಲ್ಲಿಯೇ ಸರಿಪಡಿಸಿಬಿಟ್ಟಿರುವುದರಿಂದ ಕಣ್ಣಿಗೆ ಕಾಣಬೇಕಾದ ನಗೆ ಅಲ್ಲಿ ಇಲ್ಲವಾಗಿದೆ.

ತಮಿಳಿನ ಕಾರ್ಡುಗಳನ್ನು ನೋಡುವಾಗ, ಹೆಸರಿನ ಮುಂದೆ ಮಾತು ಸೇರಿಸುವ ಈ ಪದ್ಧತಿ ನಮ್ಮೊಬ್ಬರದೇ ಅಲ್ಲವೆಂಬುದು ಗೊತ್ತಾಗುತ್ತದೆ. ನಾಟಕವೊಂದರಲ್ಲಿ ತೆಂಗಿನಕಾಯಿ ಮಾರುವವನ ಪಾತ್ರ ಮಾಡಿದ ಶ್ರೀನಿವಾಸನ್ ತೇಂಗಾಯ್ ಶ್ರೀನಿವಾಸನ್ ಆದರು, 1965ರ ‘ವೆಣ್ಣಿರ ಆಡೈ’ ಚಿತ್ರದಿಂದ ಬಂದ ಮೂರ್ತಿ ಆ ಚಿತ್ರದ ಹೆಸರನ್ನೇ ಹೊತ್ತುಕೊಂಡರು. ಶರಪಂಜರ ಶಿವರಾಮ್ ಅವರ ಕಾರ್ಡಿನ ಪಕ್ಕದಲ್ಲಿ ವೆಣ್ಣಿರ ಆಡೈ ಮೂರ್ತಿಯವರದ್ದನ್ನು ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಕಾರ್ಡಿನವರು ಇಂಥ ಜೋಡಿಗಳನ್ನು ಕೂಡಿಸುವ ಇನ್ನೊಂದು ಆಟವನ್ನು ನಿಯಮದ ಹಾಳೆಯಲ್ಲಿ ಸೂಚಿಸಬಹುದಿತ್ತು. ನಾವು ಎರಡನೆಯ ಸಂಜೆ ಹಾಗೆಯೇ ಆಡಿದೆವು. ಹೆಸರನ್ನು ಊಹಿಸುವ ಬದಲು, ಒಂದೇ ಬಗೆಯಲ್ಲಿ ಹೆಸರು ಪಡೆದ ಇಬ್ಬರನ್ನು ಹುಡುಕುವ ಆಟ. ಬಣ್ಣದ ಪಟ್ಟಿಯನ್ನು ಬೆರಳಿನಿಂದ ಮುಚ್ಚಿಕೊಂಡರೆ ಇದು ಮೂಲ ಆಟಕ್ಕಿಂತ ಹೆಚ್ಚು ರುಚಿಸುತ್ತದೆ, ಕೃಷ್ಣರ ಜಗಳವೂ ಇರುವುದಿಲ್ಲ.

ಪೆಟ್ಟಿಗೆಯಲ್ಲಿ ಇಲ್ಲದಿರುವುದರ ಬಗ್ಗೆಯೂ ಹೇಳಬೇಕು. ಹೆಂಗಸರ ಕಾರ್ಡುಗಳು ಮೂರೇ ಮೂರು. ಟುನ್ ಟುನ್ ಎಂದಾದ ಉಮಾದೇವಿಯವರದ್ದು ಅವುಗಳಲ್ಲಿ ಒಂದು. ನಗಿಸುವುದಕ್ಕೆ ಮೊದಲು ಅವರು 1947ರ ‘ದರ್ದ್’ ಚಿತ್ರದ ಹಾಡಿನಿಂದ ಹೆಸರಾಗಿದ್ದ ಗಾಯಕಿ ಎಂಬುದನ್ನು ಕಾರ್ಡು ಮರೆಯದೆ ಹೇಳಿದೆ. ಇನ್ನೊಂದು ಕೊರತೆ ನನ್ನ ಮಟ್ಟಿಗೆ ದೊಡ್ಡದು: ಯಕ್ಷಗಾನದ ಹಾಸ್ಯಗಾರರಲ್ಲಿ ಒಬ್ಬರೂ ಇಲ್ಲ. ನನ್ನ ತವರು ಉತ್ತರ ಕನ್ನಡ. ಅಲ್ಲಿ ಕಲಾವಿದರ ಹೆಸರಿನ ಮುಂದೆ ಊರು ಬರುವುದು ಎಷ್ಟು ಸಹಜವೆಂದರೆ, ಊರನ್ನು ಬಿಟ್ಟು ಬರಿಯ ಹೆಸರು ಹೇಳಿದರೆ ವೇಷ ಕಟ್ಟುವ ಚೌಕಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ದಕ್ಷಿಣಕ್ಕೆ ಹೋದರೂ ಕುಂಜಾಲು ರಾಮಕೃಷ್ಣ, ಬಂಟ್ವಾಳ ಜಯರಾಮ ಆಚಾರ್ಯ ಎಂದೇ ಹೇಳಬೇಕು. ಹೊನ್ನಾವರದ ಬಳಿಯ ಕರ್ಕಿಯ ಮನೆತನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಹಾಸ್ಯಗಾರ’ ಎಂಬ ವೇಷದ ಹೆಸರೇ ಮನೆತನದ ಹೆಸರಾಗಿಬಿಟ್ಟಿದೆ. ಹಾಸ್ಯಗಾರರ ಮೇಳ ಎಂದೇ ಆ ಮೇಳವನ್ನು ಕರೆಯುತ್ತಾರೆ. ಆ ಮನೆಯಲ್ಲಿ ಹುಟ್ಟಿದವರು ಹಾಸ್ಯದ ವೇಷವನ್ನೇ ಕಟ್ಟಬೇಕೆಂದಿಲ್ಲ, ರಾಜವೇಷ ಕಟ್ಟಿದರೂ ಹೆಸರು ಹಾಸ್ಯಗಾರ. ಬಯಲುಸೀಮೆಯ ಉತ್ತರ ಕರ್ನಾಟಕದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳು ಕಸುಬಿನಿಂದ ಮನೆಗೆ ಬಂದು ನೆಲೆಸಿದ ಹಾಗೆಯೇ ಇದೂ. ಹಾಸ್ಯಕಲಾವಿದರ ಹೆಸರಿನ ಮೂಲ ಹುಡುಕುವವರು ಮೊದಲು ಹೋಗಿ ನಿಲ್ಲಬೇಕಾದ ಬಾಗಿಲು ಅದು. ಬದಲಾಗಿ ಎಂಟು ಕಾರ್ಡುಗಳನ್ನು ವಿದೇಶದವರಿಗೆ ಕೊಟ್ಟಿದ್ದಾರೆ, ಅವುಗಳಲ್ಲಿ ನಾಲ್ಕು ನಮಗೆ ಬೇಡವಾಗಿದ್ದವು.

ವಸ್ತುವಿನ ಗುಣಮಟ್ಟದ ವಿಷಯದಲ್ಲಿ ಚುಟುಕಾಗಿ ಹೇಳುತ್ತೇನೆ. ರೇಖಾಚಿತ್ರಗಳು ಬಲು ಚೆಂದ. ನರಸಿಂಹರಾಜು ಅವರ ಹಲ್ಲು ಮತ್ತು ಹುಬ್ಬನ್ನು ಆರೇ ಗೆರೆಗಳಲ್ಲಿ ಹಿಡಿದಿರುವ ಕೈ ಯಾರದೋ, ಅವರ ಹೆಸರು ಪೆಟ್ಟಿಗೆಯಲ್ಲಿ ಎಲ್ಲಿಯೂ ಇಲ್ಲ. ಹೆಸರುಗಳ ಬಗ್ಗೆಯೇ ಮಾಡಿದ ಪೆಟ್ಟಿಗೆಯಲ್ಲಿ ಚಿತ್ರಕಾರರ ಹೆಸರಿಲ್ಲದಿರುವುದು ನನಗೆ ಸರಿಕಾಣಲಿಲ್ಲ. ಹಿಂಭಾಗದ ಅಕ್ಷರಗಳು ತೀರ ಸಣ್ಣವು, ಅತ್ತೆಯವರು ಭೂತಗನ್ನಡಿ ಹಿಡಿದರೂ ಓದಲಾಗದೆ ಬೇರೆಯವರಿಂದ ಓದಿ ಹೇಳಿಸಿಕೊಳ್ಳಬೇಕಾಯಿತು. ಫಾಂಟು ಬದಲಿಸುವಾಗ ಕಾಗುಣಿತ ನೋಡದೆ ಬಿಟ್ಟಿರುವುದರಿಂದ ಏಳು ಕಾರ್ಡುಗಳಲ್ಲಿ ಅರ್ಕಾವತ್ತು ತನ್ನ ಅಕ್ಷರವನ್ನು ಬಿಟ್ಟು ಮುಂದಿನದರ ತಲೆಯ ಮೇಲೆ ಕೂತಿದೆ. ಕಾರ್ಡಿನ ಕಾಗದ ದಪ್ಪವಾಗಿದೆ, ಆದರೆ ಮೇಲಿನ ಹೊಳಪಿನ ಪದರ ಮೂರನೆಯ ಸಂಜೆಗಾಗಲೇ ಮೂಲೆಯಲ್ಲಿ ಎದ್ದಿತ್ತು. ತಪ್ಪುಗಳ ಪಟ್ಟಿಯನ್ನು ತಯಾರಕರಿಗೆ ಬರೆದು ಕಳಿಸಿದೆ. ಹನ್ನೊಂದು ದಿನಗಳ ಮೇಲೆ ಬಂದ ಉತ್ತರದಲ್ಲಿ ಮುಂದಿನ ಮುದ್ರಣದಲ್ಲಿ ಗಮನಿಸುವುದಾಗಿ ಒಂದು ಸಾಲಿತ್ತು. ರಂಗಾಯಣದ ಹಸಿರು ಬಣ್ಣದ ಪ್ರಸ್ತಾಪ ಅದರಲ್ಲಿರಲಿಲ್ಲ.

ಹಾಗಿದ್ದರೂ ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮೂರು ತಲೆಮಾರಿನವರು ಒಂದೇ ಚಾಪೆಯ ಮೇಲೆ ಕುಳಿತು ಕಂಪನಿ ನಾಟಕದಿಂದ ಟಿವಿಯವರೆಗೆ ಮಾತಾಡುವುದಕ್ಕೆ ನೆಪ ಬೇಕಿದ್ದವರು ಇದನ್ನು ಕೊಳ್ಳಬಹುದು. ಒಬ್ಬರೇ ಕುಳಿತು ಓದಲು ಬಯಸುವವರಿಗೆ 650 ರೂಪಾಯಿ ದುಬಾರಿ. ಕೊಂಡವರು ಆಡುವ ಮೊದಲು ಇಬ್ಬರು ಕೃಷ್ಣರಲ್ಲಿ ಒಬ್ಬರನ್ನೂ ಇಬ್ಬರು ಚಂದ್ರುಗಳಲ್ಲಿ ಒಬ್ಬರನ್ನೂ ಎತ್ತಿಡಬೇಕು, ಇಲ್ಲವಾದರೆ ಹೊಡೆದಾಟಕ್ಕೆ ನಾನು ಹೊಣೆಯಲ್ಲ. ಐದು ಖಾಲಿ ಕಾರ್ಡುಗಳಲ್ಲಿ ಒಂದರ ಮೇಲೆ ನಾನು ಕರ್ಕಿಯ ಹಾಸ್ಯಗಾರ ಮನೆತನವನ್ನು ಬರೆದುಕೊಂಡಿದ್ದೇನೆ. ಹಿಂಭಾಗದಲ್ಲಿ ಕಥೆಗೆ ಜಾಗ ಸಾಲಲಿಲ್ಲ, ಮುಂಭಾಗದಲ್ಲಿ ‘ನಿಜ ಹೆಸರು’ ಎಂದು ಮೊದಲೇ ಅಚ್ಚಾಗಿರುವ ಗೆರೆಯನ್ನು ಏನು ಮಾಡುವುದೆಂದು ತಿಳಿಯದೆ ಹಾಗೆಯೇ ಬಿಟ್ಟಿದ್ದೇನೆ.